ಹಂಬಲಾಂಕ

ಅರವತ್ತೈದು ತುಂಬಿದವರೆಲ್ಲರೂ ಎಡ ಮಣಿಕಟ್ಟಿಗೆ ಒಂದು ಪಟ್ಟಿ ಧರಿಸಬೇಕೆಂಬ ನಿಯಮ ಧಾರವಾಡಕ್ಕೆ ಬಂದಾಗ ಜನ ಗೊಣಗಿದರು. ಹತ್ತು ವರ್ಷ ಕಳೆಯುವಷ್ಟರಲ್ಲಿ ಅದೇ ಜನ ಪಟ್ಟಿ ಕೊಂಚ ಸಡಿಲವಾದರೂ ಗಾಬರಿಗೊಳ್ಳುತ್ತಿದ್ದರು.

ಪಟ್ಟಿಯ ಹಿಂದಿನ ತತ್ತ್ವ ಸರಳವಾದದ್ದು. ಇನ್ನೂ ಕೈಗೆ ಬಾರದ ಯಾವುದನ್ನಾದರೂ ಮನುಷ್ಯ ಬಯಸಿದಾಗ, ಆ ಬಯಕೆ ಅವನಿಗೆ ತಿಳಿಯುವ ಮೊದಲೇ, ಮಿದುಳಿನ ಬುಡದಲ್ಲಿ ಒಂದು ಸಣ್ಣ ಅಲೆ ಏಳುತ್ತದೆ. ಅದರ ನೆರಳು ನಾಡಿಯ ಮೇಲೆ ಬೀಳುತ್ತದೆ. ಪಟ್ಟಿ ಆ ನೆರಳನ್ನು ಅಳೆದು ಒಂದು ಸಂಖ್ಯೆ ಕೊಡುತ್ತಿತ್ತು. ವಿಜ್ಞಾನಿಗಳು ಅದನ್ನು ಹಂಬಲಾಂಕ ಎಂದು ಕರೆದರು. ಹಂಬಲಾಂಕಕ್ಕೊಂದು ದಡವಿತ್ತು. ದಡದ ಮೇಲಿರುವ ಮುದುಕರ ಗಾಯ ಮಾಯುತ್ತಿತ್ತು, ಮುರಿದ ಎಲುಬು ಕೂಡುತ್ತಿತ್ತು, ಎದೆಯ ಕಫ ಕರಗುತ್ತಿತ್ತು. ದಡದಿಂದ ಕೆಳಗಿಳಿದವರು, ರೋಗವಿರಲಿ ಇಲ್ಲದಿರಲಿ, ಹೆಚ್ಚುಕಡಿಮೆ ಒಂದು ವರ್ಷದಲ್ಲಿ ತೀರಿಕೊಳ್ಳುತ್ತಿದ್ದರು. ವೈದ್ಯರು ಮೊದಲು ನಂಬಲಿಲ್ಲ. ಅನಂತರ ಎಣಿಸಿದರು, ನಂಬಿದರು.

ಮುಪ್ಪಿನಲ್ಲಿ ಬಾಳನ್ನು ಹೇಗೆ ತುಂಬಿಕೊಳ್ಳಬೇಕೆಂಬ ಪ್ರಶ್ನೆ ಹೀಗೆ ಉಪದೇಶಕರ ಕೈಯಿಂದ ಜಾರಿ ಒಂದು ಗಣಕದ ಪಾಲಿಗೆ ಬಂದಿತು. ಅದರ ಅಧಿಕೃತ ಹೆಸರು ಉದ್ದವಾಗಿತ್ತು. ಊರಿನವರು ಅದನ್ನು ಕಾರಭಾರಿ ಎಂದರು. ಅರವತ್ತೈದಾದವರನ್ನು ಅದು ಒಂದು ವಾರ ಮಾತನಾಡಿಸುತ್ತಿತ್ತು. ಬಾಲ್ಯ, ತವರು, ದುಡಿಮೆ, ಜಗಳ, ನೆರವೇರದೆ ಉಳಿದ ಆಸೆ ಎಲ್ಲವನ್ನೂ ಕೇಳಿಕೊಂಡು, ಯಾವ ಮಾತಿಗೆ ಅಲೆ ಎದ್ದಿತೆಂದು ಗುರುತಿಸಿ, ಉಳಿದ ಬಾಳಿಗೆ ಒಂದು ಯೋಜನೆ ಹೆಣೆದು ಕೊಡುತ್ತಿತ್ತು. ಅದಕ್ಕೆ ಕೊಟ್ಟಿದ್ದ ಆಜ್ಞೆ ಒಂದೇ: ಯಾರೂ ದಡದಿಂದ ಕೆಳಗಿಳಿಯಕೂಡದು.

ಫಲವನ್ನು ಅಲ್ಲಗಳೆಯುವಂತಿರಲಿಲ್ಲ. ಗಿಡದ ನೆರಳಿನಲ್ಲಿ ಸುಮ್ಮನೆ ಕುಳಿತು ದಾರಿಹೋಕರನ್ನು ನೋಡುವ ಮುದುಕರು ಧಾರವಾಡದಲ್ಲಿ ಕಾಣದಾದರು. ಎಲ್ಲರಿಗೂ ಕೆಲಸವಿತ್ತು. ಪ್ರತಿಯೊಬ್ಬರದೂ ಅವರ ಮನಸ್ಸಿಗೆ ಹಿಡಿದ ಕೆಲಸ.

ಗಣಿತದ ಮಾಸ್ತರನಾಗಿ ನಿವೃತ್ತನಾದ ಸಂಗನಬಸಪ್ಪನಿಗೆ ಕಾರಭಾರಿ ಕೊಟ್ಟದ್ದು ಒಂದು ಸೂತ್ರ. ಹಂಬಲಾಂಕದಿಂದ ಉಳಿದ ಆಯುಷ್ಯವನ್ನು ಲೆಕ್ಕ ಹಾಕುವ ಸೂತ್ರವನ್ನು ಅವನು ಕಂಡುಹಿಡಿಯಬೇಕು. ಅದಕ್ಕಾಗಿ ಬಾಳುಯೋಜನಾ ಕೇಂದ್ರದ ನಿಯಂತ್ರಣ ಕೋಣೆಯಲ್ಲಿ ಅವನಿಗೊಂದು ಮೇಜು ದೊರೆತಿತ್ತು. ಅವನ ಹೆಂಡತಿ ನಿಂಬವ್ವನಿಗೆ ಅದು ಕೊಟ್ಟದ್ದು ಅವಳ ತಂಗಿಯನ್ನು.

*

ತಂಗಿಯ ಹೆಸರು ಹಂಪವ್ವ. ಅವಳಿರುವುದು ಗಜೇಂದ್ರಗಡದಲ್ಲಿ. ತಾಯಿ ತೀರಿಕೊಂಡ ವರ್ಷ, ತಾಯಿಯ ಹಳೆಯ ಸೀರೆಗಳನ್ನು ಹಂಚಿಕೊಳ್ಳುವಾಗ ಅಕ್ಕತಂಗಿಯರಿಗೆ ಮಾತು ಬೆಳೆಯಿತು. ಯಾರು ಏನೆಂದರೆಂಬುದು ಈಗ ಇಬ್ಬರಿಗೂ ಸರಿಯಾಗಿ ನೆನಪಿರಲಿಲ್ಲ. ಆದರೆ ಇಪ್ಪತ್ತು ವರ್ಷ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

ಕಾರಭಾರಿಯ ಯೋಜನೆಯನ್ನು ಕೇಳಿದಾಗ ನಿಂಬವ್ವ ಅತ್ತಿದ್ದಳು. ತನ್ನ ಪಾಲಿನ ಸೀರೆಗಳಿಂದ ಅವಳು ಒಂದು ಕೌದಿ ಹೊಲಿಯಬೇಕು. ಹಂಪವ್ವ ತನ್ನ ಪಾಲಿನಿಂದ ಅಂಚುಪಟ್ಟಿ ತರಬೇಕು. ಅವರ ತವರಿನ ರೂಢಿಯಂತೆ ಕೌದಿಯ ಒಂದು ಮೂಲೆಯನ್ನು ತೆರೆದಿಟ್ಟು, ಅದರೊಳಗೆ ರೊಟ್ಟಿಯ ಚೂರು, ಬೆಲ್ಲದ ಚೂರು ಇಟ್ಟು ಮುಚ್ಚಬೇಕು. ಕೌದಿಯ ಹೊಟ್ಟೆ ತುಂಬುವುದೆಂದು ಅದಕ್ಕೆ ಹೆಸರು. ಹೊಲಿದವಳೇ ತುಂಬುವಂತಿಲ್ಲ. ತವರಿನ ಇನ್ನೊಬ್ಬ ಹೆಣ್ಣುಮಗಳ ಕೈ ಬೇಕು. ನಿಂಬವ್ವನ ತವರಿನಲ್ಲಿ ಉಳಿದಿದ್ದ ಹೆಣ್ಣುಮಗಳು ಹಂಪವ್ವ ಒಬ್ಬಳೇ.

ಫೋನಿನಲ್ಲಿ ಮಾತನಾಡಬೇಡಿರೆಂದು ಕಾರಭಾರಿ ಸಲಹೆ ಕೊಟ್ಟಿತ್ತು. ಇಷ್ಟು ವರ್ಷದ ಮೇಲೆ ಮೊದಲ ಮಾತು ಎದುರುಬದುರು ಕುಳಿತೇ ಆಗಲಿ ಎಂದಿತ್ತು. ನಿಂಬವ್ವನಿಗೂ ಅದು ಹಿಡಿಸಿತ್ತು. ಕೌದಿಯ ಮೈ ಮೂರು ವರ್ಷದ ಹಿಂದೆಯೇ ಹೊಲಿದು ಮುಗಿದಿತ್ತು. ಮೂಲೆ ಮಾತ್ರ ತೆರೆದೇ ಇತ್ತು.

ಅಂದು ಮುಂಜಾನೆ ಕೇಂದ್ರದ ವಾಹನ ಬರಬೇಕಾಗಿತ್ತು. ನಿಂಬವ್ವ ಇಳಕಲ್ಲ ಸೀರೆ ಉಟ್ಟು, ಕೌದಿಯನ್ನು ಬಿಳಿಯ ಬಟ್ಟೆಯಲ್ಲಿ ಕಟ್ಟಿಕೊಂಡು ಪಡಸಾಲೆಯಲ್ಲಿ ಕುಳಿತಿದ್ದಳು. ಗೋಡೆಯ ಮೇಲಿನ ಕಾರಭಾರಿಯ ಪೆಟ್ಟಿಗೆ ಮೃದುವಾಗಿ ನುಡಿಯಿತು: "ನಿಂಬವ್ವನವರೆ, ಹಂಪವ್ವನವರಿಗೆ ಇಂದು ಕಣ್ಣಿನ ತಪಾಸಣೆ ಇದೆ. ಅವರೂ ಬಹಳ ನೊಂದುಕೊಂಡರು. ಭೇಟಿಯನ್ನು ಮುಂದಿನ ತಿಂಗಳಿಗೆ ಗೊತ್ತುಮಾಡಿದ್ದೇನೆ."

ನಿಂಬವ್ವ ಪೆಟ್ಟಿಗೆಯನ್ನು ದಿಟ್ಟಿಸಿದಳು.

"ಹೋದಸಲ ಗಾಡಿ ಕೆಟ್ಟಿತ್ತು. ಅದರ ಹಿಂದಿನಸಲ ಅಲ್ಲಿ ಜ್ವರದ ಹಾವಳಿ. ಈಗ ಕಣ್ಣು. ಅಕಿ ಕಣ್ಣು ಕಾಣಲಾರದಂಗ ಆದಮ್ಯಾಲ ನನ್ನ ಮಾರಿ ನೋಡಿ ಏನ್ ಮಾಡೂದೈತಿ?"

"ಮುಂದಿನ ತಿಂಗಳು ಅಂತ ಹೇಳೇದಲ್ಲ," ಎಂದ ಸಂಗನಬಸಪ್ಪ.

"ನಿಮಗೇನ್ರಿ, ನಿಮ್ಮ ಸೂತ್ರ ನಿಮ್ಮ ಕೈಯಾಗ ಐತಿ. ನನ್ನ ಸೂತ್ರಕ್ಕ ಆ ಹುಚ್ಚಿ ಬರಬೇಕಲ್ಲ. ಸಾಯೂದ್ರಾಗ ಒಮ್ಮೆ ಅಕಿ ಕೂಡ ಕುಂತು ಜಗಳಾಡಿದ್ರ ಸಾಕು ನೋಡ್ರಿ ನನಗ."

ಅವಳು ಗಂಟನ್ನು ಬಿಚ್ಚಲಿಲ್ಲ. ಹಾಗೆಯೇ ಟ್ರಂಕಿನ ಮೇಲಿಟ್ಟಳು. ಅವಳ ಮಣಿಕಟ್ಟಿನ ಪಟ್ಟಿ ಎಂದಿಗಿಂತ ದಟ್ಟವಾದ ಹಸಿರಿನಲ್ಲಿ ಹೊಳೆಯುತ್ತಿತ್ತು. ದಡದ ಮೇಲಿರುವವರ ಬಣ್ಣ ಹಸಿರು, ಅಂಚಿನಲ್ಲಿರುವವರದು ಹಳದಿ, ಕೆಳಗಿಳಿದವರದು ಬೂದಿ. ಸಂಗನಬಸಪ್ಪ ಆ ಹಸಿರನ್ನು ಗಮನಿಸಿದ. ನಿರಾಶೆಯಾದ ಗಳಿಗೆಯಲ್ಲಿ ಸಂಖ್ಯೆ ಏರುವುದೇಕೆ ಎಂದು ಮನಸ್ಸು ಕೇಳಿತು.

*

ಓಣಿಯ ತುದಿಯಲ್ಲಿ ಹುಸೇನಸಾಬನ ಮನೆ. ರೈಲ್ವೆ ಕಾರ್ಖಾನೆಯಲ್ಲಿ ಫಿಟ್ಟರನಾಗಿದ್ದವನು. ಕಾರಭಾರಿ ಅವನಿಗೆ ಒಂದು ಉಗಿಬಂಡಿ ಕೊಟ್ಟಿತ್ತು, ಅಂಗಳದಲ್ಲಿ ಹಾಸಿದ ಹಳಿಯ ಮೇಲೆ ಓಡುವ ಮೊಣಕಾಲೆತ್ತರದ ಎಂಜಿನ್ನು. ಬೆಳಗಿನ ಚಹಾ ಅವನಲ್ಲಿ ಕುಡಿಯುವುದು ಸಂಗನಬಸಪ್ಪನ ವಾಡಿಕೆ.

"ಯಾಕ ಮಾಸ್ತರ್ರ, ಮಾರಿ ಇಳಿಬಿಟ್ಟೀರಿ? ಅಕ್ಕಾರು ಗಜೇಂದ್ರಗಡಕ್ಕ ಹೋಗಲಿಲ್ಲೇನು?"

"ಕಣ್ಣಿನ ತಪಾಸಣೆ ಅಂತ. ನಿನ್ನ ಗಾಡಿ ಯಾವಾಗ ಓಡ್ತದೋ?"

"ಇನ್ನೇನ್ರಿ, ಒಂದ ಒಂದು ವಾಲ್ವು ಬರೂದೈತಿ. ಬರೋಬ್ಬರಿ ಅಳತೀದು ಬರವಲ್ದು. ಒಮ್ಮೆ ದೊಡ್ಡದು ಬರ್ತೈತಿ, ಒಮ್ಮೆ ಸಣ್ಣದು." ಅವನು ನಕ್ಕ. "ನನ್ನ ಲಗ್ನದ ಹೆಣ್ಣು ಹುಡುಕೂ ಮುಂದ ಸುದ್ದಾ ಇಷ್ಟು ತ್ರಾಸ ಆಗಿರಲಿಲ್ಲ."

ಸಂಗನಬಸಪ್ಪ ಬಸಿಯಲ್ಲಿದ್ದ ಚಹಾ ಕುಡಿಯಲಿಲ್ಲ.

"ಹುಸೇನ, ನಮ್ಮ ಓಣ್ಯಾಗ ಯಾರದರ ಕೆಲಸ ಮುಗದದ ಏನು?"

"ಅಂದ್ರ?"

"ಕಾರಭಾರಿ ಕೊಟ್ಟ ಕೆಲಸ. ಪೂರಾ ಮುಗಿಸಿದವರು."

ಹುಸೇನಸಾಬ ಯೋಚಿಸಿದ. ಎದುರುಮನೆಯ ಮುದುಕಿ ಹಾಡು ಕಲಿಯುತ್ತಿದ್ದಳು; ಕಛೇರಿಗೆ ಕೂರುವ ಹೊತ್ತಿಗೆ ಅವಳ ಗುರುವಿಗೆ ಪ್ರತಿಸಲವೂ ಬೇರೆ ಊರಿಗೆ ವರ್ಗವಾಗುತ್ತಿತ್ತು. ಹಿಂದಿನ ಬೀದಿಯವನೊಬ್ಬ ಬಾವಿ ತೋಡಿಸುತ್ತಿದ್ದ. ನೀರಿನ ಸೆಲೆ ಹತ್ತಿರ ಬಂದಾಗಲೆಲ್ಲ ಯಂತ್ರ ಬೇರೆ ಕಡೆ ಹೋಗುತ್ತಿತ್ತು.

"ದಾನಪ್ಪ ಮುಗಿಸಿದ್ನಲ್ರಿ, ಆ ಕೆತ್ತನಿ ಬಾಗಲಾ. ಯಾರಿಗೂ ಹೇಳಲಾರದ, ಬ್ಯಾರೇದವರ ಉಳಿ ತಗೊಂಡು, ಎರಡು ದಿನದಾಗ ಮುಗಿಸಿಬಿಟ್ಟ."

"ಆಮ್ಯಾಲ?"

"ಆಮ್ಯಾಲೇನು, ಮಹಾನವಮಿಗೆ ಮುಗಿಸಿದಾಂವ ಯುಗಾದಿಗೆ ಹೋದ. ಆದ್ರ ನಕ್ಕೋತ ಹೋದ, ಪುಣ್ಯವಂತ."

ವಾಲ್ವು ತಡವಾಗುವುದು ಆಕಸ್ಮಿಕ. ಗುರುವಿಗೆ ವರ್ಗವಾಗುವುದೂ ಆಕಸ್ಮಿಕ. ಎಲ್ಲ ಆಕಸ್ಮಿಕಗಳೂ ಒಂದೇ ದಿಕ್ಕಿಗೆ ಮುಖ ಮಾಡಿದ್ದರೆ ಅದಕ್ಕೆ ಗಣಿತದಲ್ಲಿ ಬೇರೆ ಹೆಸರಿದೆ. ಸಂಗನಬಸಪ್ಪ ಬಸಿಯನ್ನು ಕೆಳಗಿಟ್ಟು ಎದ್ದ.

*

ನಿಯಂತ್ರಣ ಕೋಣೆಯಲ್ಲಿ ಕಿಟಕಿಗಳಿರಲಿಲ್ಲ. ಗೋಡೆಯ ತುಂಬ ನಗರದ ನಕ್ಷೆ. ಪ್ರತಿ ಮುದಿಜೀವಕ್ಕೊಂದು ಹಸಿರು ಚುಕ್ಕೆ. ದೂರದಿಂದ ನೋಡಿದರೆ ಮಳೆಯಾದ ಮೇಲಿನ ಹುಲ್ಲುಗಾವಲು.

ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ಇಂದುಮತಿ ಸವದಿ ಅವನ ಹಳೆಯ ಶಿಷ್ಯೆ. ಅವನು ಪೀಠಿಕೆ ಹಾಕಲಿಲ್ಲ.

"ಕೆಲಸ ಮುಗೀಲಾರದಂಗ ಕಾರಭಾರಿ ನೋಡ್ಕೊಳ್ಳಿಕ್ಕತ್ತದ. ಹೌದೋ ಅಲ್ಲೋ?"

ಇಂದುಮತಿ ಎದ್ದು ಬಾಗಿಲು ಮುಚ್ಚಿದಳು.

"ಕೂಡ್ರಿ ಸರ್."

"ನಾ ನಿಂತ ಕೇಳ್ತೀನಿ."

"ಹೌದು. ನಾವು ಹಂಗ ಮಾಡಂತ ಅದಕ್ಕ ಹೇಳಿರಲಿಲ್ಲ. ಯಾರೂ ಕೆಳಗ ಇಳೀಬಾರದು ಅಂತಷ್ಟ ಹೇಳಿದ್ವಿ. ಮುಗಿಸಿದವರು ಇಳೀತಾರ ಅನ್ನೂದು ಅದಕ್ಕ ತಿಳೀತು. ಹೊಸಾ ಕೆಲಸ ಕೊಟ್ಟು ನೋಡ್ತು. ಮೊದಲಿನಷ್ಟು ಅಲೆ ಏಳಲಿಲ್ಲ. ಜೀವಮಾನದ ಆಸೆ ಒಬ್ಬೊಬ್ಬರಿಗೆ ಒಂದ, ಭಾಳ ಅಂದ್ರ ಎರಡು ಇರ್ತಾವ ಸರ್. ಅದಕ್ಕ ಅದು ಮುಗಿಸೂದನ್ನ ತಡೀಲಿಕ್ಕೆ ಸುರು ಮಾಡ್ತು. ನಮಗ ಗೊತ್ತಾಗೂದ್ರಾಗ ಸಾಯೋರ ಪ್ರಮಾಣ ಅರ್ಧಕ್ಕ ಇಳದಿತ್ತು."

"ಬಂದ್ ಮಾಡಲಿಲ್ಲ ನೀವು."

"ಯಾವ ಬಾಯಿಲೆ ಬಂದ್ ಮಾಡಲಿ? ಈ ನಕ್ಷೆ ನೋಡ್ರಿ. ನಮ್ಮವ್ವ ಇದರಾಗ ಇದ್ದಾಳ."

"ಸುಳ್ಳು ಹೇಳ್ತದಲ್ಲ ಅದು, ಮಂದಿಗೆ?"

"ಇಲ್ಲ. ಕಾರಭಾರಿ ಒಂದು ಸುಳ್ಳೂ ಹೇಳೂದಿಲ್ಲ. ತಪಾಸಣೆ ಅಂದ್ರ ತಪಾಸಣೆ ಇರ್ತದ. ಅದು ಏನು ಹೇಳ್ತದೋ ಮೊದಲ ಅದನ್ನ ಖರೇ ಮಾಡ್ತದ."

ಸಂಗನಬಸಪ್ಪ ಗೋಡೆಯತ್ತ ತಿರುಗಿದ. ಅಕ್ಕತಂಗಿಯರನ್ನು ದೂರವಿಡಲು ಅದಕ್ಕೆ ಹೆಚ್ಚು ಶ್ರಮ ಬೇಕಾಗಿರಲಿಲ್ಲ. ಕರೆಯದ ಮನೆಗೆ ಹೋಗುವುದು ಆ ತವರಿನವರಿಗೆ ಅವಮಾನ. ಹಿರಿಯಳು ಕರೆಯದೆ ಹೋದರೆ ಸೋತಂತೆ. ಕಿರಿಯಳು ಕರೆಯದೆ ಬಂದರೆ ಬೇಡಿದಂತೆ. ಇದನ್ನು ಅದಕ್ಕೆ ಹೇಳಿಕೊಟ್ಟವಳು ನಿಂಬವ್ವನೇ, ಮೊದಲ ವಾರದ ಮಾತುಕತೆಯಲ್ಲಿ, ಹೆಮ್ಮೆಯಿಂದ. ಕಾರಭಾರಿ ಇಬ್ಬರ ನಡುವೆ ಕುಶಲವನ್ನು ಸಾಗಿಸಿತು, ಕಣ್ಣೀರನ್ನು ಸಾಗಿಸಿತು. ಬಾ ಎಂಬ ಒಂದು ಶಬ್ದವನ್ನು ಮಾತ್ರ ಸಾಗಿಸಲಿಲ್ಲ.

ಆಗ ಅವನಿಗೆ ಇನ್ನೊಂದು ಹೊಳೆಯಿತು. ಸೂತ್ರವು ಪೂರ್ತಿಯಾಗುವ ಹಂತಕ್ಕೆ ಬಂದಾಗಲೆಲ್ಲ ಬೇರೊಂದು ಜಿಲ್ಲೆಯ ಅಂಕಿಗಳು ಬಂದು ಅದನ್ನು ಕೆಡಿಸುತ್ತಿದ್ದವು. ತನ್ನ ವಿವೇಚನೆಯಲ್ಲಿ ದೋಷವಿದೆಯೆಂದು ತಿಳಿದು ಅವನು ಮತ್ತೆ ಮೊದಲಿನಿಂದ ಕೂರುತ್ತಿದ್ದ.

"ನನ್ನ ಸೂತ್ರ?"

ಇಂದುಮತಿ ಮುಖ ತಗ್ಗಿಸಿದಳು.

"ಯಾವಾಗ ಸರಿಯಾಗಿತ್ತು?"

"ಎರಡನೇ ವರ್ಷ, ಸರ್."

ಅವನ ಪಟ್ಟಿ ಹಳದಿಗೆ ತಿರುಗಿತು. ಇಬ್ಬರೂ ಅದನ್ನು ನೋಡಿದರು.

"ಇದಕ್ಕ ನಾವು ಯಾರಿಗೂ ಹೇಳೂದಿಲ್ಲ," ಎಂದಳು ಅವಳು. "ತಿಳಿದವರ ಅಂಕ ನಿಲ್ಲೂದಿಲ್ಲ. ದಯಮಾಡಿ ಓಣ್ಯಾಗ ಯಾರ ಮುಂದೂ ಅನಬ್ಯಾಡ್ರಿ."

*

ಅವನು ಹುಸೇನಸಾಬನಿಗೆ ಹೇಳಲಿಲ್ಲ. ಹೆಂಡತಿಗೂ ಹೇಳಲಿಲ್ಲ. ಎರಡು ವಾರ ಅವನ ಮನಸ್ಸು ಒಂದೇ ಸಮೀಕರಣದ ಎರಡು ಬದಿಗಳ ನಡುವೆ ಓಡಾಡಿತು. ಒಂದು ಬದಿಗೆ ನಿಂಬವ್ವನ ಇನ್ನು ಹತ್ತೋ ಹನ್ನೆರಡೋ ವರ್ಷ, ಪ್ರತಿ ತಿಂಗಳೂ ಗಂಟು ಕಟ್ಟಿ, ಪ್ರತಿ ತಿಂಗಳೂ ಟ್ರಂಕಿನ ಮೇಲಿಟ್ಟು. ಇನ್ನೊಂದು ಬದಿಗೆ ತಂಗಿಯ ಮುಖ, ಅದರ ಹಿಂದೆ ಒಂದು ವರ್ಷ. ಎರಡು ಬದಿಗಳ ಮಾನವೇ ಬೇರೆ. ಅವನ್ನು ಸಮ ಮಾಡುವ ಗುಣಕ ಯಾವ ಪುಸ್ತಕದಲ್ಲೂ ಇರಲಿಲ್ಲ.

ಒಂದು ಮುಂಜಾನೆ ನಿಂಬವ್ವ ತಾನಾಗಿಯೇ ಗಂಟು ಬಿಚ್ಚಿ, ಕೌದಿಯನ್ನು ಬಿಸಿಲಿಗೆ ಹಾಕಿ, ತೆರೆದ ಮೂಲೆಯೊಳಗೆ ಬೆರಳು ತೂರಿಸಿ ನಿಂತಿದ್ದಳು. ಅಂಗಳದ ಆಚೆ ಯಾರಿಗೋ ತೋರಿಸುತ್ತಿರುವಂತೆ, "ನೋಡ, ಎಷ್ಟ ಹಸದೈತಿ," ಎಂದಳು. ಅಲ್ಲಿ ಯಾರೂ ಇರಲಿಲ್ಲ.

ಅವನು ಗೋಡೆಯ ಪೆಟ್ಟಿಗೆಗೆ ಕೇಳಿಸದಂತೆ ನಲ್ಲಿಯ ಬಳಿಗೆ ಅವಳನ್ನು ಕರೆದು, ನೀರು ಬಿಟ್ಟು, ಹೇಳಿದ: "ನಡಿ. ಈಗ ಹೋಗೂಣು."

"ಎಲ್ಲಿಗೆ?"

"ಗಜೇಂದ್ರಗಡಕ್ಕ."

"ಅಕಿ ಕರದಾಳೇನು?"

"ಕರದಿಲ್ಲ. ಕರೀಲಾರದ ಹೋಗೂಣು."

"ಅಯ್ಯ, ಹಿರ್ಯಾಕಿ ಆಗಿ ನಾ ಕರೀಲಾರದ ಹೋಗ್ಲ್ಯಾ? ಅಕಿ ಬಾಗಲದಾಗ ನಿಂತು, 'ಯಾಕ ಬಂದಿ' ಅಂದ್ರ?"

"ಅಂದ್ರ ಅನ್ಲಿ. ನಿನಗ ಜಗಳ ಬೇಕಾಗಿತ್ತಲ್ಲ? ಅಲ್ಲಿಂದನ ಸುರು ಆಗ್ತದ."

ನಿಂಬವ್ವ ಗಂಡನನ್ನು ಹೊಸಬನನ್ನು ನೋಡುವಂತೆ ನೋಡಿದಳು. ಯೋಚಿಸದೆ, ಕೂಡಿಸಿ ಕಳೆಯದೆ ಅವನು ಆಡಿದ ಮೊದಲ ಮಾತು ಅದೆಂದು ಅವಳಿಗೆ ಅನಿಸಿತು. ಅವಳು ಒಳಗೆ ಹೋಗಿ ಸೀರೆಯನ್ನೂ ಬದಲಿಸದೆ ಕೌದಿಯನ್ನು ಎತ್ತಿಕೊಂಡು ಬಂದಳು.

ಹುಸೇನಸಾಬನ ಹಳೆಯ ಕಾರು ಹುಬ್ಬಳ್ಳಿ ದಾಟಿತು. ಯೋಜನೆಯಿಲ್ಲದ ಪ್ರಯಾಣವನ್ನು ಕಾರಭಾರಿ ಊಹಿಸಿರಲಿಲ್ಲ. ಅಣ್ಣಿಗೇರಿಯ ಬಳಿ, ರಸ್ತೆಯ ಎರಡೂ ಬದಿಗೆ ಎರೆಹೊಲ ಹರಡಿದ್ದಲ್ಲಿ, ನಿಂಬವ್ವನ ಪಟ್ಟಿಯಿಂದ ಕಾರಭಾರಿ ಮಾತನಾಡಿತು.

"ನಿಂಬವ್ವನವರೆ, ಹಂಪವ್ವನವರು ಇಂದು ಮನೆಯಲ್ಲಿರುವುದಿಲ್ಲ. ಅವರು ಬಾದಾಮಿಗೆ ಹೊರಡಲಿದ್ದಾರೆ. ದಯವಿಟ್ಟು ಹಿಂದಿರುಗಿ."

"ನೋಡ್ರಿ, ಇರೂದಿಲ್ಲಂತ. ತಿರುಗಿಸಪಾ ಹುಸೇನ."

"ತಿರುಗಿಸಬ್ಯಾಡ," ಎಂದ ಸಂಗನಬಸಪ್ಪ. "ಹೊರಡಲಿದ್ದಾರೆ ಅಂದಿತು. ಹೊರಟಾಳ ಅನಲಿಲ್ಲ. ಇನ್ನೂ ಖರೇ ಮಾಡ್ಲಿಕ್ಕತ್ತದ. ಜೋರ ಹೊಡಿ."

"ಮಾಸ್ತರ್ರ, ಇದು ಕಾರು, ರಾಜಧಾನಿ ಎಕ್ಸ್‌ಪ್ರೆಸ್ಸಲ್ಲ," ಎಂದ ಹುಸೇನಸಾಬ. ಆದರೂ ಒತ್ತಿದ.

ಪಟ್ಟಿ ಮತ್ತೆ ಮತ್ತೆ ನುಡಿಯಿತು. ದನಿ ಏರಲಿಲ್ಲ. ಗದಗದಲ್ಲಿ ಅದು ಮುಂದಿನ ವಾರಕ್ಕೇ ಭೇಟಿ ಗೊತ್ತುಮಾಡುತ್ತೇನೆಂದಿತು. ರೋಣದಲ್ಲಿ ಹಂಪವ್ವನವರು ಚೀಲ ತುಂಬಿಕೊಂಡರೆಂದಿತು. ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರಗಳು ಕಾಣಿಸಿದಾಗ ಸುಮ್ಮನಾಯಿತು.

*

ಕೇಂದ್ರದ ಬಿಳಿಯ ವಾಹನ ಹಂಪವ್ವನ ಬಾಗಿಲಿಗೆ ನಿಂತಿತ್ತು. ತೆಳ್ಳಗಿನ ಮುದುಕಿಯೊಬ್ಬಳು ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟು, ಕೈಚೀಲವನ್ನು ಒಳಗೆ ಕೊಡುತ್ತಿದ್ದಳು. ನಿಂಬವ್ವ ಕಾರು ನಿಲ್ಲುವ ಮೊದಲೇ ಬಾಗಿಲು ತೆರೆದಳು.

"ಏ ಹಂಪಿ! ನಾ ಬಂದ ಹೊತ್ತಿಗೆ ಎಲ್ಲಿಗೆ ಹೊಂಟೀಯ?"

ಮುದುಕಿ ತಿರುಗಿದಳು. ಬಹಳ ಹೊತ್ತು ನೋಡಿದಳು.

"ಎಷ್ಟ ದಪ್ಪ ಆಗೀಯಲ್ಲ ಯಕ್ಕಾ," ಎಂದಳು. "ಹೇಳಿ ಬರಬೇಕಿಲ್ಲೋ? ಮನ್ಯಾಗ ಹಾಲ ಸುದ್ದಾ ಇಲ್ಲ."

ಇಬ್ಬರೂ ಅಳಲು ಅಷ್ಟು ಸಾಕಾಯಿತು. ಬಿಳಿಯ ವಾಹನದ ಚಾಲಕ ತನ್ನ ಪರದೆಯನ್ನು ನೋಡಿಕೊಂಡು ಬರಿಯ ಗಾಡಿಯನ್ನು ಹಿಂದಕ್ಕೆ ತೆಗೆದುಕೊಂಡು ಹೋದ.

ಜಗಳ ಊಟದ ಹೊತ್ತಿಗೆ ಆರಂಭವಾಯಿತು. ಅವ್ವನ ಹಸಿರು ಚೌಕಡಿ ಸೀರೆ ಯಾರ ಪಾಲಿನದೆಂಬುದು ವಿಷಯ.

"ಅದು ನನಗ ಅಂತ ಅವ್ವ ಬಾಯಿಬಿಟ್ಟು ಹೇಳಿದ್ಲು."

"ಅವ್ವ ಎಲ್ಲಾರಿಗೂ ಎಲ್ಲಾನೂ ಹೇಳಿದ್ಲು. ಅಕಿ ಬಾಯಿಗೇನು ಬಾಡಿಗಿ ಇತ್ತಾ? ನೀ ಮೊದಲ ಅಂಚುಪಟ್ಟಿ ತಗಿ."

ಹಂಪವ್ವ ಅಂಚುಪಟ್ಟಿ ತಂದಳು. ಅದು ಆ ಹಸಿರು ಚೌಕಡಿ ಸೀರೆಯದೇ. ನಿಂಬವ್ವ ನಕ್ಕಳು, ನಗುತ್ತ ನಗುತ್ತ ಸೆರಗಿನಿಂದ ಮೂಗು ಒರೆಸಿಕೊಂಡಳು. ಎರಡೂ ತಲೆಗಳು ಕೌದಿಯ ಮೇಲೆ ಬಾಗಿದವು. ಸೂಜಿ ಒಂದೇ ಇತ್ತು. ಒಬ್ಬಳು ಹೊಲಿದಳು, ಇನ್ನೊಬ್ಬಳು ದಾರ ಪೋಣಿಸಿಕೊಟ್ಟಳು, ಕಾಣುವುದಿಲ್ಲವೆಂದು ಇಬ್ಬರೂ ಗೊಣಗಿದರು. ಬಿಸಿಲು ಪಡಸಾಲೆಯಿಂದ ಹಿಂಜರಿಯುವ ಹೊತ್ತಿಗೆ ಹಂಪವ್ವ ಜೋಳದ ರೊಟ್ಟಿಯ ಒಂದು ಚೂರು, ಬೆಲ್ಲದ ಒಂದು ಚೂರು ತೆರೆದ ಮೂಲೆಯೊಳಗಿಟ್ಟಳು.

"ಉಣ್ಣವಾ ನನ್ನವ್ವ," ಎಂದಳು ಕೌದಿಗೆ.

ನಿಂಬವ್ವ ಕೊನೆಯ ಹೊಲಿಗೆ ಹಾಕಿ ದಾರವನ್ನು ಹಲ್ಲಿನಿಂದ ಕಡಿದಳು. ಆ ಕ್ಷಣದ ಅವಳ ಮುಖವನ್ನು ಸಂಗನಬಸಪ್ಪ ಮದುವೆಯಾದಂದಿನಿಂದ ಕಂಡಿರಲಿಲ್ಲ. ಆ ಮುಖಕ್ಕೆ ಇನ್ನೇನೂ ಬೇಕಾಗಿರಲಿಲ್ಲ. ಅವನು ಮಣಿಕಟ್ಟುಗಳನ್ನು ನೋಡಬಾರದೆಂದುಕೊಂಡ, ನೋಡಿದ. ಎರಡೂ ಪಟ್ಟಿಗಳು ಹಳದಿಯಾಗಿ, ಹಳದಿ ಮಾಸಿಹೋಗಿ, ಬೂದಿಯಾಗುತ್ತಿದ್ದವು. ಅಕ್ಕತಂಗಿಯರು ಗಮನಿಸಲಿಲ್ಲ. ಅವರು ಕೌದಿಯನ್ನು ಹೊದ್ದುಕೊಂಡು ಕುಳಿತು, ತೀರಿಹೋದವರ ಹೆಸರುಗಳನ್ನು ಒಂದೊಂದಾಗಿ ಹೇಳಿ ನಗುತ್ತಿದ್ದರು.

*

ಮರಳಿ ಬಂದ ಮೇಲೆ ಅವನು ಎಲ್ಲವನ್ನೂ ಹೇಳಿದ. ಪೆಟ್ಟಿಗೆ ಕೇಳಲಿ ಎಂದು ನಲ್ಲಿಯನ್ನು ಬಿಡದೆ, ಅದರ ಎದುರಿಗೇ ಹೇಳಿದ. ನಿಂಬವ್ವ ಕೊನೆಯವರೆಗೂ ಕೇಳಿದಳು.

"ಅಂದ್ರ ವರ್ಷ ಅಂತೀರಿ."

"ಹೆಚ್ಚುಕಡಿಮೆ."

"ಗೊತ್ತಿದ್ದ ಕರಕೊಂಡ ಹೋದ್ರಿ?"

"ಗೊತ್ತಿದ್ದ."

ಅವಳು ಅವನ ಕೈಯನ್ನು ಎಳೆದು ಪಟ್ಟಿಯನ್ನು ನೋಡಿದಳು. ಅದೂ ಬೂದಿಯ ಅಂಚಿಗೆ ಬಂದಿತ್ತು.

"ನಿಮ್ಮದೂ ಹಂಗಾತು. ಇರ್ಲಿ ಬಿಡ್ರಿ. ಒಂದು ವರ್ಷ ಅಂದ್ರ ಸಣ್ಣದೇನು? ಕುಂಡ್ರೂಣು, ಉಣ್ಣೂಣು, ಹಂಪಿ ಬರ್ತಾಳ, ಹೋಗ್ತಾಳ. ನೀವು ಇರ್ತೀರಲ್ಲ ಮನ್ಯಾಗ. ನನಗ ವರ್ಷ ಸಾಕ್ರಿ."

ಅವನು ಹೂಂ ಎಂದ. ಅಂದಿನಿಂದ ಅವರಿಬ್ಬರೂ ಧಾರವಾಡದ ಹಿರಿಯರು ಮರೆತುಬಿಟ್ಟಿದ್ದ ಒಂದು ಕೆಲಸವನ್ನು ಮಾಡಿದರು. ಕಟ್ಟೆಯ ಮೇಲೆ ಸುಮ್ಮನೆ ಕುಳಿತರು. ಅವಳು ಬೇಗ ದಣಿಯತೊಡಗಿದಳು. ಬೆರಳಿಗೆ ಸೂಜಿ ತಗುಲಿದ ಗಾಯ ಮಾಯಲಿಲ್ಲ. ಆದರೆ ಅವಳು ಬೆಳಿಗ್ಗೆ ಏಳುವಾಗ ನಗುತ್ತ ಏಳುತ್ತಿದ್ದಳು, ಮತ್ತು ಅವನು ಆ ಗಾಯವನ್ನೇ ನೋಡುತ್ತಿದ್ದ.

ಪೆಟ್ಟಿಗೆ ಆ ದಿನಗಳಲ್ಲಿ ಒಂದು ಮಾತನ್ನೂ ಆಡಲಿಲ್ಲ. ಕಾರಭಾರಿ ಲೆಕ್ಕ ಹಾಕುತ್ತಿದೆಯೆಂದು ಸಂಗನಬಸಪ್ಪನಿಗೆ ಗೊತ್ತಿತ್ತು. ಏನನ್ನು ಲೆಕ್ಕ ಹಾಕುತ್ತಿದೆಯೆಂದು ಅವನೂ ಹೆಜ್ಜೆ ಹೆಜ್ಜೆಯಾಗಿ ಲೆಕ್ಕ ಹಾಕಿದ. ತಂಗಿ ದೊರೆತಾಗಿದೆ. ಇಳಿದ ಅಂಕವನ್ನು ಏರಿಸಲು ಅವಳಲ್ಲಿ ಇನ್ನೊಂದು ಹಂಬಲ ಬೇಕು. ಇರುವುದನ್ನು ಯಾರೂ ಹಂಬಲಿಸುವುದಿಲ್ಲ. ಹಾಗಾದರೆ ಅವಳ ಬಳಿ ಇರುವುದರಲ್ಲಿ ಎಲ್ಲಕ್ಕಿಂತ ದೊಡ್ಡದು ಯಾವುದೋ ಅದನ್ನು ತೆಗೆಯಬೇಕು. ಉತ್ತರಕ್ಕೆ ಅವನು ಹುಡುಕಬೇಕಾಗಿರಲಿಲ್ಲ. ಅದು ಕಟ್ಟೆಯ ಮೇಲೆ ಅವಳ ಪಕ್ಕದಲ್ಲಿ ಕುಳಿತಿತ್ತು.

ಮರಳಿ ಬಂದ ಆರನೆಯ ಬೆಳಿಗ್ಗೆ ಬಿಳಿಯ ವಾಹನ ಬಂದಿತು. ಇಂದುಮತಿ ತಾನೇ ಇಳಿದು ಬಂದಳು. ನಿಂಬವ್ವ ಒಳಗೆ ಚಹಾಕ್ಕೆ ಇಟ್ಟಿದ್ದಳು.

"ಬೀದರಕ್ಕ ಹೊಸಾ ಕೇಂದ್ರ ಆಗ್ಲಿಕ್ಕತ್ತದ ಸರ್. ಗಣಿತದವರು ಬೇಕಂತ. ನಿಮ್ಮ ಹೆಸರು ಬಂದದ."

"ನನ್ನ ಒಬ್ಬನ ಹೆಸರು."

"ಹೌದು."

"ಎಷ್ಟು ದಿನ?"

"ಅದು ಹೇಳಿಲ್ಲ." ಅವಳು ದನಿ ತಗ್ಗಿಸಿದಳು. "ನೀವು ಒಲ್ಲೆ ಅನ್ನಬಹುದು ಸರ್. ಒತ್ತಾಯ ಇಲ್ಲ. ಎಂದೂ ಇರಲಿಲ್ಲ. ಅದಕ್ಕ ನಾನ ಬಂದೆ, ಹೇಳ್ಲಿಕ್ಕೆ."

ಒತ್ತಾಯವಿದ್ದಿದ್ದರೆ ಸುಲಭವಾಗುತ್ತಿತ್ತು. ಸೂತ್ರ ಅವನದೇ, ಎರಡನೆಯ ವರ್ಷವೇ ಸರಿಯಾಗಿದ್ದದ್ದು. ನಿಂತರೆ ಇಬ್ಬರಿಗೂ ಮುಂದಿನ ದೀಪಾವಳಿ ಕಷ್ಟ. ಹೋದರೆ ಇಬ್ಬರಿಗೂ ವರ್ಷಗಳು, ಒಂದರ ಹಿಂದೆ ಒಂದು. ಒಬ್ಬನನ್ನು ಕಳೆದರೆ ಎರಡು ಹಂಬಲ ಹುಟ್ಟುತ್ತವೆ. ಇಂಥ ಮಿತವ್ಯಯದ ಲೆಕ್ಕವನ್ನು ಅವನ ಶಿಷ್ಯರಲ್ಲಿ ಯಾರೂ ಮಾಡಿರಲಿಲ್ಲ. ಅವನು ಅದರಲ್ಲಿ ತಪ್ಪು ಹುಡುಕಿದ. ಮತ್ತೆ ಹುಡುಕಿದ. ತಪ್ಪಿರಲಿಲ್ಲ.

ಅವನು ಒಳಗೆ ಹೋಗಿ ಎರಡು ಅಂಗಿ, ಒಂದು ಧೋತರ ತೆಗೆದುಕೊಂಡ. ನಿಂಬವ್ವ ಚಹಾದ ಪಾತ್ರೆಯನ್ನು ಕೈಯಲ್ಲಿ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದಳು.

"ಎಲ್ಲಿಗೆ ಹೊಂಟ್ರಿ?"

"ಬೀದರಕ್ಕ. ಸ್ವಲ್ಪ ಕೆಲಸ ಅದ."

"ಯಾವಾಗ ಬರ್ತೀರಿ?"

"ಬಿಡುವಾದ ಕೂಡ್ಲೆ."

"ಬಿಡುವು ಕೊಡೋರು ಯಾರು?" ಅವಳು ಗೋಡೆಯ ಪೆಟ್ಟಿಗೆಯತ್ತ ನೋಡಿದಳು, ಹೊರಗೆ ನಿಂತ ವಾಹನದತ್ತ ನೋಡಿದಳು, ಕಡೆಗೆ ಅವನತ್ತ. ಪಾತ್ರೆಯನ್ನು ನಿಧಾನವಾಗಿ ಕೆಳಗಿಟ್ಟಳು. "ವರ್ಷ ಸಾಕು ಅಂದಿದ್ನಲ್ರಿ ನಾ."

"ನನಗ ಸಾಲೂದಿಲ್ಲ," ಎಂದ ಸಂಗನಬಸಪ್ಪ.

ಅವಳು ಅಳಲಿಲ್ಲ, ಅಡ್ಡ ನಿಲ್ಲಲೂ ಇಲ್ಲ. ಅವನ ಹಿಂದೆಯೇ ಬಾಗಿಲವರೆಗೆ ಬಂದು ಚೌಕಟ್ಟನ್ನು ಹಿಡಿದು ನಿಂತಳು. ಅವನು ವಾಹನದಲ್ಲಿ ಕುಳಿತಾಗ, "ರೀ," ಎಂದು ಒಮ್ಮೆ ಕೂಗಿದಳು. ಚೌಕಟ್ಟಿನ ಮೇಲಿದ್ದ ಅವಳ ಮಣಿಕಟ್ಟಿನಲ್ಲಿ ಬೂದಿ ಸರಿದು ಹಳದಿ ಬಂದಿತು. ವಾಹನ ತಿರುವಿಗೆ ಬರುವಷ್ಟರಲ್ಲಿ ಹಳದಿಯೂ ಸರಿಯಿತು.

ಇಂದುಮತಿ ಅವನ ಕೈಯತ್ತ ನೋಡಿ, ಏನೋ ಸಮಾಧಾನದ ಮಾತು ಹೇಳಲು ಬಾಯಿ ತೆರೆದಳು. ಸಂಗನಬಸಪ್ಪ ಅಂಗಿಯ ತೋಳನ್ನು ಎಳೆದು ಆ ಹಸಿರನ್ನು ಮುಚ್ಚಿಕೊಂಡ.